ಬರೆದವರ ಹೆಸರಿಲ್ಲದ ಪುಸ್ತಕಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, ‘ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗುತ್ತೆ’ ಅಂದರು. ಇವತ್ತಿನ ಮಕ್ಕಳಿಗೆ ನಾನು ಹೇಳಿಕೊಡುವಂಥದ್ದು ಅದರಲ್ಲಿ ಹೆಚ್ಚೇನೂ ಉಳಿದಿಲ್ಲ. ‘ಚೀನಾದ ಹಳೆಯ ಕಥೆ ಪುಸ್ತಕಗಳ ಬಗ್ಗೆ ಮಾತಾಡಲಾ’ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ‘ಆಗಲಿ, ಆದರೆ ಇಪ್ಪತ್ತೇ ನಿಮಿಷ’ ಅಂದರು. ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎನ್ನುವುದಕ್ಕೆ ಒಂದು ಕಾರಣ ಇದೆ. ಅದು ಈ ಶಾಲೆಗೇ ಸಂಬಂಧಪಟ್ಟದ್ದು. ಕೊನೆಗೆ ಹೇಳುತ್ತೇನೆ.

ಇಲ್ಲಿ ಓದಿದವರೆಲ್ಲರಿಗೂ ಹ್ಯೂಯೆನ್‌ತ್ಸಾಂಗ್ ಗೊತ್ತು. ಏಳನೇ ಶತಮಾನದಲ್ಲಿ ಚೀನಾದಿಂದ ನಡೆದು ಬಂದ ಬೌದ್ಧ ಭಿಕ್ಷು. ಹರ್ಷನ ಆಸ್ಥಾನ ಕಂಡವನು, ನಮ್ಮ ಇಮ್ಮಡಿ ಪುಲಕೇಶಿಯನ್ನೂ ಅವನ ಸೈನ್ಯವನ್ನೂ ಹೊಗಳಿ ಬರೆದವನು. ಸಮಾಜ ಮೇಷ್ಟ್ರು ಇದನ್ನು ಪಾಠ ಮಾಡುವಾಗ ಎರಡು ಅಂಕದ ಪ್ರಶ್ನೆಗೆ ಉತ್ತರ ಎಷ್ಟು ಸಾಲು ಇರಬೇಕು ಎಂದೂ ಹೇಳುತ್ತಿದ್ದರು. ನನ್ನ ಮಟ್ಟಿಗೆ ಹ್ಯೂಯೆನ್‌ತ್ಸಾಂಗ್ ಎಂದರೆ ಆ ನಾಲ್ಕು ಸಾಲು.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಕೆಲವು ವರ್ಷಕ್ಕೆ ಕಂಪನಿಯವರು ಒಂದು ಪ್ರಾಜೆಕ್ಟಿಗೆ ಎಂಟು ತಿಂಗಳು ನನ್ನನ್ನು ಶಾಂಘೈಗೆ ಕಳಿಸಿದರು. ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಚೀನೀ ಹುಡುಗಿಯೊಬ್ಬಳ ಕಂಪ್ಯೂಟರಿನ ಮೇಲೆ ಒಂದು ಸಣ್ಣ ಬೊಂಬೆ ಇತ್ತು. ಕೈಯಲ್ಲಿ ದೊಣ್ಣೆ ಹಿಡಿದ ಮಂಗ. ನಮ್ಮ ಹನುಮಂತನೇ ಎಂದುಕೊಂಡು ಕೇಳಿದೆ. ‘ಇವನು ಸುನ್ ವುಕಾಂಗ್, ನಿಮ್ಮ ದೇಶಕ್ಕೆ ಬಂದಿದ್ದನಲ್ಲ, ಗುರುಗಳ ಜೊತೆ’ ಅಂದಳು. ಯಾವ ಗುರುಗಳು ಎಂದರೆ ಅವಳು ಹೇಳಿದ ಹೆಸರು ‘ಷುವೆನ್‌ಜಾಂಗ್’. ಅದೇ ನಮ್ಮ ಹ್ಯೂಯೆನ್‌ತ್ಸಾಂಗ್ ಎಂದು ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು.

ನಮ್ಮ ಎರಡು ಅಂಕದ ಭಿಕ್ಷು ಅಲ್ಲಿ ಒಂದು ಮಹಾ ಕಾದಂಬರಿಯ ಗುರುಗಳು. ಕಾದಂಬರಿಯ ಹೆಸರು ‘ಷಿಯೂ ಜಿ’, ಅಂದರೆ ಪಶ್ಚಿಮ ಯಾತ್ರೆಯ ಕಥೆ. ಪಶ್ಚಿಮ ಎಂದರೆ ಭಾರತ. ಬುದ್ಧನ ಗ್ರಂಥಗಳನ್ನು ತರಲು ಗುರುಗಳು ಹೊರಡುತ್ತಾರೆ. ಜೊತೆಗೆ ಆಕಾಶದಲ್ಲಿ ಗಲಾಟೆ ಎಬ್ಬಿಸಿ ಐನೂರು ವರ್ಷ ಬೆಟ್ಟದ ಅಡಿ ಸಿಕ್ಕಿಬಿದ್ದಿದ್ದ ಮಂಗ, ಹೊಟ್ಟೆಬಾಕ ಹಂದಿ, ನದಿಯಲ್ಲಿದ್ದ ಒಬ್ಬ ರಾಕ್ಷಸ, ಮತ್ತು ಡ್ರ್ಯಾಗನ್ ರಾಜನ ಮಗನಾದ ಬಿಳಿ ಕುದುರೆ. ನೂರು ಅಧ್ಯಾಯ, ಎಂಬತ್ತೊಂದು ಕಷ್ಟ. ಮಂಗನ ಮೂಲ ಹನುಮಂತನೋ ಅಲ್ಲವೋ ಎಂದು ಅಲ್ಲಿಯ ದೊಡ್ಡ ವಿದ್ವಾಂಸರೇ ಜಗಳವಾಡಿದ್ದಾರೆ. ಹೂ ಷಿ ಎನ್ನುವವರು ಹನುಮಂತನೇ ಇರಬೇಕು ಎಂದರು, ಲೂ ಷುನ್ ಎಂಬ ದೊಡ್ಡ ಲೇಖಕರು ಒಪ್ಪಲಿಲ್ಲ. ಆ ಜಗಳ ಇನ್ನೊಂದು ದಿನಕ್ಕಿರಲಿ.

ನಾನು ಅವಳನ್ನು ಕೇಳಿದ್ದು ಸಾಮಾನ್ಯ ಪ್ರಶ್ನೆ: ‘ಬರೆದವರು ಯಾರು?’ ಪಟ್ಟನೆ ಉತ್ತರ ಬಂತು, ‘ವೂ ಚೆಂಗ್‌ಎನ್’. ನಾವು ಕವಿರಾಜಮಾರ್ಗ ಎಂದ ಕೂಡಲೇ ನೃಪತುಂಗ ಎನ್ನುವ ಹಾಗೆ. ಕಾಲೇಜಿಗೆ ಹೋದ ಮೇಲೆ ತಾನೇ ನಮಗೆ ಶ್ರೀವಿಜಯನ ಹೆಸರು ಕಿವಿಗೆ ಬಿದ್ದದ್ದು. ಅವಳೂ ಒಂದು ನಿಮಿಷ ಬಿಟ್ಟು, ‘ಶಾಲೆಯಲ್ಲಿ ಹಾಗೆ ಬರೆಯಬೇಕು’ ಎಂದು ನಕ್ಕಳು.

ಆ ನಗುವಿನ ಅರ್ಥ ಹುಡುಕಿಕೊಂಡು ಹೋಗಿದ್ದೇ ನನ್ನ ಹವ್ಯಾಸವಾಯಿತು. ಈಗ ಹತ್ತು ವರ್ಷದ ಮೇಲಾಯಿತು. ನನಗೆ ಚೀನೀ ಭಾಷೆ ತಕ್ಕಮಟ್ಟಿಗೆ ಬರುತ್ತದೆ ಅಷ್ಟೇ, ವಿದ್ವಾಂಸನೇನಲ್ಲ. ಆದರೆ ಬಗ್ ಹುಡುಕುವ ಕೆಲಸ ಮಾಡುವವನಿಗೆ ಇಂಥ ವಿಷಯ ಸಿಕ್ಕರೆ ಬಿಡಲು ಮನಸ್ಸು ಬರುವುದಿಲ್ಲ.

ಷಿಯೂ ಜಿ ಪುಸ್ತಕದ ನಮಗೆ ಸಿಕ್ಕಿರುವ ಅತಿ ಹಳೆಯ ಪೂರ್ಣ ಮುದ್ರಣ 1592ರದು, ನಾನ್‌ಜಿಂಗ್ ನಗರದ್ದು. ಅದರಲ್ಲಿ ಲೇಖಕನ ಹೆಸರಿಲ್ಲ. ತಿದ್ದಿದವರು ‘ಹುವಾಯಾಂಗ್ ಗುಹೆಯ ಒಡೆಯ’ ಎಂದಿದೆ. ಅದು ಯಾರೋ ಇಟ್ಟುಕೊಂಡ ಅಡ್ಡಹೆಸರು. ಮುನ್ನುಡಿ ಬರೆದವರೇ ಇದನ್ನು ಯಾರು ಬರೆದರೋ ತಿಳಿಯದು, ಯಾವುದೋ ರಾಜಕುಮಾರನ ಮನೆಯಿಂದ ಬಂದದ್ದು ಅನ್ನುತ್ತಾರೆ ಎಂದು ಕೈತೊಳೆದುಕೊಂಡಿದ್ದಾರೆ. ಪುಸ್ತಕ ಬಿಸಿಬಿಸಿಯಾಗಿ ಹೊರಬಂದಾಗಲೇ ಹೀಗೆ.

ಹೆಸರಿಲ್ಲದ ಜಾಗ ಖಾಲಿ ಉಳಿಯುವುದಿಲ್ಲ. ಮುಂದಿನ ಶತಮಾನದಲ್ಲಿ ಬಂದ ಒಂದು ಆವೃತ್ತಿ ಇದನ್ನು ಬರೆದವರು ಚಿಯು ಚೂಜಿ ಎಂಬ ದಾವ್ ಪಂಥದ ದೊಡ್ಡ ಸಾಧು ಎಂದಿತು. ಬೇರೊಬ್ಬ ಹಳೆಯ ಪಂಡಿತರ ಹೆಸರಿನಲ್ಲಿ ಅದಕ್ಕೊಂದು ನಕಲಿ ಮುನ್ನುಡಿಯೂ ಇತ್ತು. ಜನ ನಂಬಿದರು. ನಂಬಲು ಕಾರಣವೂ ಇತ್ತು. ಹದಿಮೂರನೇ ಶತಮಾನದಲ್ಲಿ ಈ ಸಾಧುವನ್ನು ಚೆಂಗೀಸ್ ಖಾನ್ ಕರೆಸಿಕೊಂಡಿದ್ದ. ಚೀನಾದಿಂದ ಪಶ್ಚಿಮಕ್ಕೆ, ಈಗಿನ ಅಫ್ಘಾನಿಸ್ತಾನದವರೆಗೆ ಅವರು ಹೋಗಿದ್ದರು. ಆ ಪ್ರಯಾಣವನ್ನು ಅವರ ಶಿಷ್ಯ ಬರೆದಿಟ್ಟಿದ್ದ. ಆ ಪುಸ್ತಕದ ಹೆಸರೂ ಷಿಯೂ ಜಿ! ಅಂದರೆ ಒಂದೇ ಹೆಸರಿನ ಎರಡು ಪುಸ್ತಕ. ನಮ್ಮ ಕೆಲಸದಲ್ಲಿ ದಿನಾ ಆಗುವ ಅನಾಹುತ ಇದೇ: ಎರಡು ಫೋಲ್ಡರಿನಲ್ಲಿ ಒಂದೇ ಹೆಸರಿನ ಫೈಲ್, ಒಂದನ್ನು ತೆರೆಯುವ ಬದಲು ಇನ್ನೊಂದನ್ನು ತೆರೆಯುವುದು. ಹದಿನೆಂಟನೇ ಶತಮಾನದ ಕೊನೆಗೆ ಒಬ್ಬ ವಿದ್ವಾಂಸರು ದಾವ್ ಪಂಥದ ಗ್ರಂಥ ಭಂಡಾರದಲ್ಲಿ ಆ ಪ್ರವಾಸ ಕಥನವನ್ನು ಹುಡುಕಿ ತೆಗೆದು ಓದಿದರು. ಅದರಲ್ಲಿ ಮಂಗನೂ ಇಲ್ಲ, ಹಂದಿಯೂ ಇಲ್ಲ. ಬೇರೆಯದೇ ಪುಸ್ತಕ.

ಸಾಧು ಹೋದರು. ಜಾಗ ಮತ್ತೆ ಖಾಲಿ. ಆಗ ಹುವಾಯ್‌ಆನ್ ಎಂಬ ಊರಿನ ಅಭಿಮಾನಿಗಳು ತಮ್ಮ ಜಿಲ್ಲೆಯ ಹಳೆಯ ಗೆಜೆಟಿಯರನ್ನು ಮುಂದಿಟ್ಟರು. 1620ರ ದಶಕದ್ದು ಅದು. ಅದರಲ್ಲಿ ತಮ್ಮೂರಿನ ವೂ ಚೆಂಗ್‌ಎನ್ ಎಂಬ ಬರಹಗಾರರ ವಿವರ ಇದೆ. ಚುರುಕು ಬುದ್ಧಿ, ಹಾಸ್ಯ ಬರೆಯುವುದರಲ್ಲಿ ಗಟ್ಟಿಗ ಎಂದಿದೆ. ಅವರ ಕೃತಿಗಳ ಪಟ್ಟಿಯಲ್ಲಿ ‘ಷಿಯೂ ಜಿ’ ಎಂದಿದೆ. ಕಾದಂಬರಿಯಲ್ಲಿ ನಮ್ಮೂರಿನ ಆಡುಮಾತು ಬೇರೆ ಇದೆ, ಇನ್ನೇನು ಬೇಕು ಎಂದರು. 1920ರ ದಶಕದಲ್ಲಿ ಹೂ ಷಿ ಮತ್ತು ಲೂ ಷುನ್ ಇಬ್ಬರೂ ಇದನ್ನು ಒಪ್ಪಿದರು. ಅಲ್ಲಿಂದ ಅದು ಪಠ್ಯಪುಸ್ತಕಕ್ಕೆ ಹೋಯಿತು. ಹುವಾಯ್‌ಆನ್‌ನಲ್ಲಿ ಈಗ ಅವರ ಮನೆಯನ್ನು ಸ್ಮಾರಕ ಮಾಡಿದ್ದಾರೆ.

ತಕರಾರು ಏನೆಂದರೆ, ಆ ಪಟ್ಟಿಯಲ್ಲಿ ಇರುವುದು ಬರೀ ಹೆಸರು. ಅದು ಕಾದಂಬರಿ ಎಂದಿಲ್ಲ, ಎಷ್ಟು ಅಧ್ಯಾಯ ಎಂದಿಲ್ಲ. ಹದಿನೇಳನೇ ಶತಮಾನದ ಇನ್ನೊಂದು ದೊಡ್ಡ ಗ್ರಂಥಸೂಚಿಯಲ್ಲಿ ವೂ ಚೆಂಗ್‌ಎನ್ ಅವರ ಷಿಯೂ ಜಿ ಎಂದು ಇದೆ, ಸರಿ. ಆದರೆ ಅದನ್ನು ಹಾಕಿರುವುದು ಭೂಗೋಳದ ವಿಭಾಗದಲ್ಲಿ! ಅಂದರೆ ಅದೂ ಯಾವುದೋ ಪ್ರವಾಸದ ಪುಸ್ತಕವೇ ಇರಬಹುದು. ಸಾಧುವಿನ ವಿಷಯದಲ್ಲಿ ಆದ ಎಡವಟ್ಟು ಮತ್ತೆ ಆಗಿಲ್ಲ ಎನ್ನಲು ಯಾರ ಹತ್ತಿರವೂ ಆಧಾರ ಇಲ್ಲ. ವೂ ಚೆಂಗ್‌ಎನ್ ಅವರ ಪದ್ಯ ಮತ್ತು ಪ್ರಬಂಧಗಳ ಸಂಕಲನ ಉಳಿದಿದೆ. ಕಾದಂಬರಿ ನಾನು ಬರೆದೆ ಎಂಬ ಮಾತು ಅದರಲ್ಲಿ ಇಲ್ಲ. ಅವರು ತೀರಿಕೊಂಡ ಸುಮಾರು ಹತ್ತು ವರ್ಷಕ್ಕೆ ಪುಸ್ತಕ ಅಚ್ಚಾಯಿತು, ಕೇಳೋಣವೆಂದರೆ ಅವರೇ ಇರಲಿಲ್ಲ.

ಇನ್ನೊಂದು ಮಾತು. ಈ ಕಾದಂಬರಿಗೆ ಸುಮಾರು ಮುನ್ನೂರು ವರ್ಷ ಮೊದಲೇ ಭಿಕ್ಷು ಮತ್ತು ಮಂಗನ ಕಥೆಯ ಒಂದು ಸಣ್ಣ ಪುಸ್ತಕ ಇತ್ತು, ಜಪಾನಿನ ಒಂದು ಮಠದಲ್ಲಿ ಅದು ಉಳಿದುಕೊಂಡು ಬಂತು. ನಾಟಕದವರು ಆಡುತ್ತಿದ್ದರು, ಸಂತೆಯಲ್ಲಿ ಕಥೆ ಹೇಳುವವರು ಹೇಳುತ್ತಿದ್ದರು. ನೂರು ಅಧ್ಯಾಯ ಮಾಡಿದವನು ಯಾರೇ ಆಗಲಿ, ಮಂಗ ಅವನ ಮನೆಯಲ್ಲಿ ಹುಟ್ಟಿದ್ದಲ್ಲ.

ಯಾಕೆ ಹೆಸರು ಹಾಕಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಚೀನೀ ಭಾಷೆಯಲ್ಲಿ ಕಾದಂಬರಿಗೆ ‘ಷಿಯಾವ್‌ಷುವೋ’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ‘ಸಣ್ಣ ಮಾತು’. ದೊಡ್ಡ ಮಾತು ಎಂದರೆ ಧರ್ಮಗ್ರಂಥ, ಇತಿಹಾಸ, ಪದ್ಯ. ಅವನ್ನು ಓದಿ ಸರಕಾರಿ ಪರೀಕ್ಷೆ ಪಾಸು ಮಾಡಿದರೆ ಅಧಿಕಾರ, ಮರ್ಯಾದೆ. ಮಗ ಐ.ಎ.ಎಸ್. ಓದುತ್ತೇನೆಂದು ಕೋಣೆ ಬಾಗಿಲು ಹಾಕಿಕೊಂಡು ಒಳಗೆ ಧಾರಾವಾಹಿ ಬರೆಯುತ್ತಿದ್ದರೆ ನಮ್ಮ ಅಪ್ಪಂದಿರು ಏನನ್ನುತ್ತಿದ್ದರೋ ಅದನ್ನೇ ಅಲ್ಲಿಯವರೂ ಅನ್ನುತ್ತಿದ್ದರು. ಆದ್ದರಿಂದ ಬರೆದವರು ಮುಚ್ಚಿಟ್ಟರು. ಅಚ್ಚು ಹಾಕುವವರಿಗೆ ಮಾರಾಟ ಮುಖ್ಯ. ಅವರು ತಮಗೆ ಬೇಕಾದ ಹೆಸರು ಹಾಕಿದರು, ಬೇಕಾದಲ್ಲಿ ಕತ್ತರಿಸಿದರು, ಸೇರಿಸಿದರು.

‘ನೀರಂಚಿನ ಕಥೆ’ ಎಂದು ನೂರೆಂಟು ಜನ ಬಂಡುಕೋರರ ಕಾದಂಬರಿ ಇದೆ. ಷಿ ನಾಯ್‌ಆನ್ ಬರೆದರು ಎನ್ನುವವರಿದ್ದಾರೆ, ಲುವೋ ಗುವಾನ್‌ಜಾಂಗ್ ಬರೆದರು ಎನ್ನುವವರಿದ್ದಾರೆ, ಇಬ್ಬರೂ ಸೇರಿ ಎನ್ನುವವರೂ ಇದ್ದಾರೆ. ಷಿ ನಾಯ್‌ಆನ್ ಎಂಬ ಮನುಷ್ಯನೇ ಇರಲಿಲ್ಲ ಎಂದವರೂ ಉಂಟು. ಹದಿನೇಳನೇ ಶತಮಾನದ ಜಿನ್ ಷೆಂಗ್‌ತಾನ್ ಎಂಬ ವಿಮರ್ಶಕರು ಇನ್ನೂ ಧೈರ್ಯಸ್ಥರು. ಕೊನೆಯ ಭಾಗ ಅವರಿಗೆ ಹಿಡಿಸಲಿಲ್ಲ. ಎಪ್ಪತ್ತು ಅಧ್ಯಾಯಕ್ಕೆ ಪುಸ್ತಕ ಕತ್ತರಿಸಿ, ಅಸಲಿ ಇಷ್ಟೇ, ಮಿಕ್ಕದ್ದು ಲುವೋ ಬಾಲ ಅಂಟಿಸಿದ್ದು ಎಂದರು. ಅಷ್ಟಕ್ಕೇ ನಿಲ್ಲದೆ ಷಿ ನಾಯ್‌ಆನ್ ಅವರೇ ಬರೆದಂತೆ ಒಂದು ಮುನ್ನುಡಿಯನ್ನೂ ತಾವೇ ಬರೆದು ಸೇರಿಸಿದರು. ಮುಂದೆ ಇನ್ನೂರು ಮುನ್ನೂರು ವರ್ಷ ಜನ ಓದಿದ್ದು ಹೆಚ್ಚಾಗಿ ಆ ಕತ್ತರಿಸಿದ ಪುಸ್ತಕವನ್ನೇ.

ಇನ್ನೊಂದು ಕಾದಂಬರಿಯ ಹೆಸರು ‘ಜಿನ್ ಪಿಂಗ್ ಮೇ’. ಮಕ್ಕಳಿರುವ ಸಭೆ, ಅದರ ಕಥೆ ಹೇಳುವ ಹಾಗಿಲ್ಲ. ಲೇಖಕನ ಹೆಸರು ‘ಲಾನ್‌ಲಿಂಗ್ ಊರಿನ ನಗುವ ಪಂಡಿತ’ ಎಂದಿದೆ. ಆ ಪಂಡಿತ ಯಾರು ಎಂಬುದಕ್ಕೆ ಐವತ್ತಕ್ಕೂ ಹೆಚ್ಚು ಜನರ ಹೆಸರು ಹೇಳಿದ್ದಾರೆ. ಆದರೆ ಅದರ ಸುತ್ತ ಇರುವ ಒಂದು ಕಟ್ಟುಕಥೆಯನ್ನು ಮಕ್ಕಳಿಗೆ ಹೇಳಬಹುದು. ವಾಂಗ್ ಷಿಜೆನ್ ಎಂಬ ವಿದ್ವಾಂಸರ ತಂದೆಯ ಸಾವಿಗೆ ಮಂತ್ರಿಯೊಬ್ಬನ ಮಗ ಕಾರಣನಾಗಿದ್ದನಂತೆ. ಅವನಿಗೆ ಪುಸ್ತಕದ ಹುಚ್ಚು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುವ ಚಾಳಿ. ವಾಂಗ್ ರಾತ್ರಿ ಹಗಲು ಕೂತು ಕೆಳಗಿಡಲಾರದಂಥ ಕಾದಂಬರಿ ಬರೆದು, ಹಾಳೆಗಳ ಮೂಲೆಗೆ ವಿಷ ಸವರಿ ಕಳಿಸಿದರಂತೆ. ಓದಿ ಮುಗಿಸುವಷ್ಟರಲ್ಲಿ ಅವನೂ ಮುಗಿದನಂತೆ. ಇದು ಬರೀ ಕಥೆ ಎಂದು 1930ರ ದಶಕದಲ್ಲಿ ಇತಿಹಾಸಕಾರರು ತೋರಿಸಿಕೊಟ್ಟರು. ಆದರೂ ಎಂಜಲು ಹಚ್ಚಿ ಹಾಳೆ ತಿರುಗಿಸಿದ್ದಕ್ಕೆ ನನ್ನ ಬೆರಳಿಗೆ ಸ್ಕೇಲಿನಲ್ಲಿ ಹೊಡೆದ ಮೇಷ್ಟ್ರು ಇಲ್ಲೇ ಕೂತಿದ್ದಾರೆ. ಅವರಿಗೆ ಈ ಕಥೆ ಇಷ್ಟವಾಗುತ್ತದೆ ಎಂದು ಹೇಳಿದೆ.

ಈಗ ನನಗೆ ಹೆಚ್ಚು ಮುಖ್ಯವಾದ ಪುಸ್ತಕಕ್ಕೆ ಬರುತ್ತೇನೆ: ‘ಹಾಂಗ್‌ಲೌ ಮೆಂಗ್’, ಕೆಂಪು ಮಹಲಿನ ಕನಸು. ಹದಿನೆಂಟನೇ ಶತಮಾನದ್ದು. ಒಂದು ದೊಡ್ಡ ಶ್ರೀಮಂತ ಮನೆತನ ಒಳಗೊಳಗೇ ಗೆದ್ದಲು ಹಿಡಿದು ಕುಸಿಯುವ ಕಥೆ. ಅದರ ಕರ್ತೃ ತ್ಸಾವ್ ಷುಯೆಚಿನ್. ಇವರ ಅಜ್ಜನ ಕಾಲದಲ್ಲಿ ನಾನ್‌ಜಿಂಗ್‌ನಲ್ಲಿ ಚಕ್ರವರ್ತಿಗೆ ರೇಷ್ಮೆ ಒದಗಿಸುವ ಅಧಿಕಾರ ಇತ್ತು. ಆಮೇಲೆ ಆಸ್ತಿ ಜಪ್ತಿಯಾಯಿತು. ಇವರು ಬೀಜಿಂಗ್ ಹೊರವಲಯದಲ್ಲಿ ಬಡತನದಲ್ಲಿ ಬದುಕಿ 1763ರ ಆಸುಪಾಸಿನಲ್ಲಿ ತೀರಿಕೊಂಡರು. ಕಾದಂಬರಿಯೊಳಗೇ ಅವರ ಹೆಸರು ಬರುತ್ತದೆ, ಆದರೆ ಬರೆದವರಾಗಿ ಅಲ್ಲ! ಕಥೆ ಒಂದು ಕಲ್ಲಿನ ಮೇಲೆ ಕೆತ್ತಿತ್ತು, ಅದನ್ನು ಒಬ್ಬ ಸನ್ಯಾಸಿ ನಕಲು ಮಾಡಿಕೊಂಡ, ತ್ಸಾವ್ ಷುಯೆಚಿನ್ ಹತ್ತು ವರ್ಷ ಕೂತು ಐದು ಸಲ ತಿದ್ದಿದರು ಎಂದು ಅವರೇ ಬರೆದುಕೊಂಡಿದ್ದಾರೆ. ತಮ್ಮನ್ನು ತಿದ್ದಿದವರ ಸಾಲಿಗೆ ಸೇರಿಸಿಕೊಂಡ ಲೇಖಕರು.

ಅವರು ತೀರಿಕೊಂಡಾಗ ಜನರ ಕೈಯಲ್ಲಿ ಓಡಾಡುತ್ತಿದ್ದ ಕೈಬರಹದ ಪ್ರತಿಗಳು ಎಂಬತ್ತು ಅಧ್ಯಾಯಕ್ಕೆ ನಿಲ್ಲುತ್ತಿದ್ದವು. 1791ರಲ್ಲಿ ಚೆಂಗ್ ವೇಯ್‌ಯುವಾನ್ ಮತ್ತು ಗಾವ್ ಎ ಎಂಬ ಇಬ್ಬರು ನೂರಿಪ್ಪತ್ತು ಅಧ್ಯಾಯದ ಪುಸ್ತಕ ಅಚ್ಚು ಹಾಕಿದರು. ಉಳಿದ ನಲವತ್ತು ಎಲ್ಲಿಂದ ಬಂತು? ವರ್ಷಗಟ್ಟಲೆ ಹುಡುಕಿ ಇಪ್ಪತ್ತು ಚಿಲ್ಲರೆ ಅಧ್ಯಾಯ ಸೇರಿಸಿದೆ, ಒಂದು ದಿನ ಡೋಲು ಬಾರಿಸಿಕೊಂಡು ಬರುವ ಹಳೇ ಸಾಮಾನಿನವನ ಹತ್ತಿರ ಇನ್ನು ಹತ್ತಕ್ಕೂ ಹೆಚ್ಚು ಸಿಕ್ಕವು, ಕೇಳಿದಷ್ಟು ದುಡ್ಡು ಕೊಟ್ಟು ತೆಗೆದುಕೊಂಡೆ ಎಂದು ಚೆಂಗ್ ಮುನ್ನುಡಿಯಲ್ಲಿ ಬರೆದರು. ಹರಿದದ್ದನ್ನು ಇಬ್ಬರೂ ಸೇರಿ ಸರಿಮಾಡಿದೆವು ಎಂದರು.

1921ರಲ್ಲಿ ಹೂ ಷಿ ಇದನ್ನು ನಂಬಲಿಲ್ಲ. ಸುಳ್ಳು, ಕೊನೆಯ ನಲವತ್ತನ್ನು ಗಾವ್ ಎ ಕೂತು ಬರೆದದ್ದು ಎಂದರು. ಅವರಿಗೆ ಸಿಕ್ಕ ಮುಖ್ಯ ಸಾಕ್ಷಿ, ಗಾವ್ ಅವರ ಪರಿಚಯದ ಕವಿಯೊಬ್ಬರು ತಮ್ಮ ಪದ್ಯಕ್ಕೆ ಬರೆದುಕೊಂಡ ಒಂದು ಸಣ್ಣ ಟಿಪ್ಪಣಿ. ಎಂಬತ್ತರ ನಂತರದ್ದೆಲ್ಲ ಗಾವ್ ‘ಬು’ ಮಾಡಿದ್ದು ಎಂದು ಅದರಲ್ಲಿದೆ. ‘ಬು’ ಎಂದರೆ ಇಲ್ಲದ್ದನ್ನು ಸೇರಿಸಿ ಪೂರ್ತಿ ಮಾಡುವುದು ಎಂದೂ ಆಗುತ್ತದೆ, ಹರಿದ ಬಟ್ಟೆಗೆ ತೇಪೆ ಹಾಕುವುದು ಎಂದೂ ಆಗುತ್ತದೆ. ಒಂದು ಅರ್ಥ ಹಿಡಿದರೆ ಗಾವ್ ಲೇಖಕ, ಇನ್ನೊಂದು ಹಿಡಿದರೆ ದರ್ಜಿ. ಹೂ ಷಿ ಮೊದಲನೆಯದನ್ನು ಹಿಡಿದರು. ಆಮೇಲೆ ಎಷ್ಟೋ ದಶಕ ಪುಸ್ತಕದ ರಕ್ಷಾಪುಟದ ಮೇಲೆ ತ್ಸಾವ್ ಷುಯೆಚಿನ್, ಗಾವ್ ಎ ಎಂದು ಎರಡು ಹೆಸರು ಅಚ್ಚಾದವು. ಜೊತೆಗೆ ಬೈಗುಳವೂ ಗಾವ್ ಅವರಿಗೇ. ಯಾಕೆಂದರೆ ಮೊದಲ ಭಾಗದಲ್ಲಿ ಆ ಮನೆ ನೆಲಸಮ ಆಗುತ್ತದೆ, ಹಿಮ ಬಿದ್ದ ಬಯಲಿನ ಹಾಗೆ ಏನೂ ಉಳಿಯುವುದಿಲ್ಲ ಎನ್ನುವ ಸೂಚನೆ ಇದೆ. ಕೊನೆಯ ಭಾಗದಲ್ಲಿ ಕಥಾನಾಯಕ ಪರೀಕ್ಷೆ ಪಾಸಾಗುತ್ತಾನೆ, ಜಪ್ತಿಯಾದ ಆಸ್ತಿ ವಾಪಸ್ ಬರುತ್ತದೆ. ಅವನು ಸನ್ಯಾಸಿಯಾಗಿ ಹೊರಟು ಹೋಗುವುದೇನೋ ನಿಜ, ಆದರೆ ಮನೆ ಚೇತರಿಸಿಕೊಳ್ಳುತ್ತದೆ. ಓದಿದವರಿಗೆ ಸಮಾಧಾನ ಆಗಲಿ ಎಂದು ಯಾರೋ ಮಾಡಿದ ಕೆಲಸ ಎನಿಸುತ್ತದೆ.

ಇಲ್ಲಿ ಕಂಪ್ಯೂಟರ್ ಬರುತ್ತದೆ. ಸಮಿತಿಯವರಿಗೂ ಸಮಾಧಾನ ಆಗಲಿ. ನಾವು ಮಾತಾಡುವಾಗ ಗಮನ ಇಲ್ಲದೆ ಬಳಸುವ ಸಣ್ಣ ಪದಗಳಿವೆ. ಆದರೆ, ಮತ್ತೆ, ಅಂತ, ಕೂಡ, ತಾನೇ. ಒಬ್ಬೊಬ್ಬರು ಇವನ್ನು ಬಳಸುವ ಲೆಕ್ಕ ಒಂದೊಂದು ಥರ. ದೊಡ್ಡ ಪದಗಳನ್ನು ನಕಲು ಮಾಡಬಹುದು, ಇವನ್ನು ಮಾಡುವುದು ಕಷ್ಟ. ಹಾಗಾಗಿ ಇವನ್ನು ಎಣಿಸಿ ಎರಡು ಬರಹ ಒಬ್ಬರದೇ ಅಲ್ಲವೇ ಎಂದು ನೋಡುತ್ತಾರೆ. 1952ರಲ್ಲಿ ಸ್ವೀಡನ್ನಿನ ಭಾಷಾಪಂಡಿತ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ಹೀಗೆ ಪದಗಳ ಬಳಕೆ ನೋಡಿ ಎಂಬತ್ತೂ ನಲವತ್ತೂ ಒಬ್ಬರದೇ ಎಂದರು. 1980ರಲ್ಲಿ ಅಮೆರಿಕದ ಒಂದು ಸಮ್ಮೇಳನದಲ್ಲಿ ಕಂಪ್ಯೂಟರಿನಲ್ಲಿ ಎಣಿಸಿದವರೂ ಒಬ್ಬರದೇ ಎಂದರು. 1987ರಲ್ಲಿ ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ಲಿ ಷಿಯೆನ್‌ಪಿಂಗ್ 47 ಸಣ್ಣ ಪದಗಳನ್ನು ಎಣಿಸಿ ಇಲ್ಲ, ಹಲವು ಕೈಗಳಿವೆ ಎಂದರು. ಈಚಿನವರು ಎಂಬತ್ತರ ಹತ್ತಿರ ಒಡಕು ಕಾಣುತ್ತದೆ ಎನ್ನುತ್ತಾರೆ.

ನಾನೂ ಒಂದು ಶನಿವಾರ ಭಾನುವಾರ ಕೂತು ಪ್ರೋಗ್ರಾಮ್ ಬರೆದೆ. ಗ್ರಾಫ್ ಬಂತು. ಎಂಬತ್ತನೇ ಅಧ್ಯಾಯದ ಹತ್ತಿರ ಮೆಟ್ಟಿಲು ಇಳಿದ ಹಾಗೆ ಸ್ಪಷ್ಟವಾಗಿ ಕಂಡಿತು. ಇನ್ನೂರು ವರ್ಷದ ಜಗಳ ನಾನು ಬಗೆಹರಿಸಿದೆ ಎನ್ನುವ ಹುರುಪಿನಲ್ಲಿ ಸೋಮವಾರ ಆ ಹುಡುಗಿಗೆ ತೋರಿಸಿದೆ. ಅವಳು ಗ್ರಾಫ್ ನೋಡಲೇ ಇಲ್ಲ, ‘ಯಾವ ಆವೃತ್ತಿ?’ ಅಂದಳು. ನಾನು ತೆಗೆದುಕೊಂಡದ್ದು ಈಗ ಎಲ್ಲರೂ ಓದುವ ಪಠ್ಯ. ಅದರಲ್ಲಿ ಮೊದಲ ಎಂಬತ್ತು ಹಳೆಯ ಕೈಬರಹದಿಂದ ಬಂದದ್ದು, ಕೊನೆಯ ನಲವತ್ತು 1791ರ ಅಚ್ಚಿನಿಂದ ಬಂದದ್ದು. ಅಚ್ಚು ಹಾಕುವಾಗ ಆ ಇಬ್ಬರು ಎಲ್ಲ ಕಡೆ ಭಾಷೆ ತಿದ್ದಿದ್ದಾರೆ. ಅಂದರೆ ನನ್ನ ಮೆಟ್ಟಿಲು ಇಬ್ಬರು ಲೇಖಕರ ನಡುವಿನದೋ, ನಕಲುಗಾರ ಮತ್ತು ಅಚ್ಚಿನವರ ನಡುವಿನದೋ ಹೇಳುವ ಹಾಗೇ ಇಲ್ಲ. ಪೂರ್ತಿ ನೂರಿಪ್ಪತ್ತೂ ಅಚ್ಚಿನ ಪ್ರತಿಯದೇ ತೆಗೆದುಕೊಂಡು ಮತ್ತೆ ಮಾಡಿದೆ. ವ್ಯತ್ಯಾಸ ಸ್ವಲ್ಪ ಉಳಿಯಿತು, ನನ್ನ ಹುರುಪು ಉಳಿಯಲಿಲ್ಲ. ಇಷ್ಟಕ್ಕೂ ಎಣಿಕೆ ಹೇಳುವುದು ಕೈ ಬೇರೆ ಎಂದು ಮಾತ್ರ. ಯಾರ ಕೈ ಎನ್ನಬೇಕಾದರೆ ಹೋಲಿಸಲು ಅವರದೇ ಇನ್ನೊಂದು ಬರಹ ಬೇಕು. ಗಾವ್ ಬಿಟ್ಟು ಹೋದದ್ದು ಪದ್ಯ ಮತ್ತು ಪರೀಕ್ಷೆಯ ಪ್ರಬಂಧ, ಆಡುಮಾತಿನ ಕಥೆಯಲ್ಲ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡಲು ಹಳೆಯ ಸಹಿ ಬೇಕಲ್ಲ, ಹಾಗೆ.

ಈಗ ಬೀಜಿಂಗ್‌ನ ದೊಡ್ಡ ಪ್ರಕಾಶನದವರು, ಪೀಪಲ್ಸ್ ಲಿಟರೇಚರ್ ಪಬ್ಲಿಷಿಂಗ್ ಹೌಸ್‌ನವರು, ಆ ಸಾಲನ್ನು ಬದಲಾಯಿಸಿದ್ದಾರೆ. ಮೊದಲ ಭಾಗ ತ್ಸಾವ್ ಷುಯೆಚಿನ್, ಮುಂದುವರಿಸಿದವರು ಹೆಸರು ತಿಳಿಯದವರು, ಹೊಂದಿಸಿ ಕೊಟ್ಟವರು ಚೆಂಗ್ ಮತ್ತು ಗಾವ್. ಗಾವ್ ಎ ಎಂಬ ಮನುಷ್ಯನ ಮೇಲಿದ್ದ ಹೊಗಳಿಕೆ ಬೈಗುಳ ಎರಡೂ ಒಂದು ಸಾಲಿನಲ್ಲಿ ಇಳಿದವು. ನನಗೆ ಆ ಸಾಲು ಬಹಳ ಹಿಡಿಸಿತು. ನಾವು ಬರೆಯುವ ಪ್ರೋಗ್ರಾಮಿನಲ್ಲಿ ಪ್ರತಿ ಸಾಲಿನ ಪಕ್ಕ ಯಾರು, ಯಾವತ್ತು ಎಂದು ತೋರಿಸುವ ವ್ಯವಸ್ಥೆ ಇದೆ. ಆದರೆ ಅದು ತೋರಿಸುವುದು ಕೊನೆಗೆ ಆ ಸಾಲನ್ನು ಮುಟ್ಟಿದವನ ಹೆಸರು. ಹತ್ತು ವರ್ಷದ ಹಿಂದೆ ಯಾರೋ ತಲೆ ಕೆಡಿಸಿಕೊಂಡು ಬರೆದದ್ದಕ್ಕೆ, ನಿನ್ನೆ ಬಂದು ಜಾಗ ಸರಿಮಾಡಿದವನ ಹೆಸರು ಬರುತ್ತದೆ.

ನಮ್ಮ ಹ್ಯೂಯೆನ್‌ತ್ಸಾಂಗ್ ವಿಷಯವೂ ಹೀಗೇ ಎಂದು ಆಮೇಲೆ ತಿಳಿಯಿತು. ಪುಲಕೇಶಿಯ ಬಗ್ಗೆ ಮಾತಿರುವ ಆ ಪ್ರವಾಸ ಗ್ರಂಥ 646ರದು. ಊರಿಗೆ ಮರಳಿದ ಮೇಲೆ ಅವರು ಹೇಳುತ್ತಾ ಹೋದರು, ಬ್ಯೆನ್‌ಜಿ ಎಂಬ ಶಿಷ್ಯ ಬರೆದುಕೊಂಡ. ನಮ್ಮ ಎರಡು ಅಂಕದ ಉತ್ತರದಲ್ಲಿ ಬ್ಯೆನ್‌ಜಿ ಇರಲಿಲ್ಲ.

ಈಗ ಕಾರಣ ಹೇಳುತ್ತೇನೆ. 1999ರಲ್ಲಿ ಈ ಶಾಲೆಯ ರಜತ ಮಹೋತ್ಸವಕ್ಕೆ ಒಂದು ಸಂಚಿಕೆ ಬಂದಿತ್ತು. ಅದರಲ್ಲಿ ಎಂಟನೇ ತರಗತಿಯ ನನ್ನ ಹೆಸರಿನಲ್ಲಿ ‘ಸಾಲ ಕೇಳಿದ ಕೆರೆ’ ಎಂಬ ಕಥೆ ಇದೆ. ಬರಗಾಲದಲ್ಲಿ ಒಣಗಿದ ಕೆರೆ ರಾತ್ರಿ ಹೊತ್ತು ನೀರುಗಂಟಿಯನ್ನು ಕೂಗಿ, ಬಾಯಾರಿಕೆ, ಒಂದು ಬಿಂದಿಗೆ ನೀರು ಸಾಲ ಕೊಡು ಎನ್ನುತ್ತದೆ. ಅವನು ಮನೆಯಲ್ಲಿದ್ದ ಕೊನೆಯ ಬಿಂದಿಗೆ ತಂದು ಸುರಿಯುತ್ತಾನೆ. ಮುಂದಿನ ವರ್ಷ ಕೆರೆ ಕೋಡಿ ಬಿದ್ದು ಅವನ ಹೊಲಕ್ಕೆಲ್ಲ ನೀರು ಹರಿದು ಬಂಗಾರದಂಥ ಬೆಳೆ ಬರುತ್ತದೆ. ಅವತ್ತು ಈ ವೇದಿಕೆಯ ಮೇಲೆ ನನಗೊಂದು ಪೆನ್ನು, ಒಂದು ಪುಸ್ತಕ ಬಹುಮಾನ ಕೊಟ್ಟರು. ಆ ಕಥೆ ಓದಿ ಮೆಚ್ಚಿದ ಊರಿನ ಹಿರಿಯರೊಬ್ಬರು, ಈಗ ಅವರಿಲ್ಲ, ಮುಂದೆ ಪಿಯುಸಿಯ ಎರಡು ವರ್ಷ ನನ್ನ ಹಾಸ್ಟೆಲ್ ಖರ್ಚು ಕೊಟ್ಟರು. ನಾನು ಬಿ.ಇ. ಓದಿದ್ದು ಆ ಮೆಟ್ಟಿಲಿನ ಮೇಲೆ ಕಾಲಿಟ್ಟು.

ಈ ಸಲದ ಸಂಚಿಕೆಯಲ್ಲಿ ಆ ಕಥೆಯನ್ನು ನನ್ನ ಹೆಸರಿನಲ್ಲೇ ಮತ್ತೆ ಅಚ್ಚು ಹಾಕುತ್ತೇವೆ ಎಂದು ಸಮಿತಿಯವರು ಹೇಳಿದರು. ಆ ಕಥೆ ನನ್ನದಲ್ಲ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಊಟದ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಹೇಳಿದ್ದು. ನನ್ನ ಅಕ್ಷರ ದುಂಡಗಿತ್ತು, ಬರೆದುಕೊಂಡೆ, ಕೆಳಗೆ ನನ್ನ ಹೆಸರು ಹಾಕಿ ಕೊಟ್ಟೆ. ಅವನು ಆಗ ಏನೂ ಅನ್ನಲಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ. ಈಗ ಹಾಲಿನ ವ್ಯಾನ್ ಓಡಿಸುತ್ತಾನೆ. ಹಿಂದೆ ಕಾಂಪೌಂಡ್ ಹತ್ತಿರ ನಿಂತಿದ್ದಾನೆ. ವೇದಿಕೆಯಿಂದ ಹೆಸರು ಕೂಗಬೇಡ ಎಂದಿದ್ದಾನೆ, ಕೂಗುವುದಿಲ್ಲ.

ಕಳೆದ ವಾರ ಅವನ ಮನೆಗೆ ಹೋಗಿ, ಇಪ್ಪತ್ತೈದು ವರ್ಷಕ್ಕೆ ಮೊದಲ ಸಲ ಈ ಮಾತು ತೆಗೆದೆ. ಸಿಟ್ಟು ಮಾಡಿಕೊಳ್ಳುತ್ತಾನೆ ಎಂದು ತಯಾರಾಗಿ ಹೋಗಿದ್ದೆ. ‘ನಂದೆಲ್ಲಿ ಕಣೋ, ನಮ್ಮಜ್ಜಿದು’ ಅಂದ. ಅಜ್ಜಿಗೆ ಯಾರು ಹೇಳಿದ್ದು ಎಂದರೆ, ಜಾತ್ರೆಗೆ ಬರುತ್ತಿದ್ದ ಯಾರೋ ಇರಬೇಕು ಅಂದ. ಆಮೇಲೆ ನಗುತ್ತಾ, ‘ಕೊನೇಲಿ ಅದೇನು ಬಂಗಾರದ ಬೆಳೆ ಬೆಳೆಸಿಬಿಟ್ಟೆ ನೀನು?’ ಅಂದ. ಅವನ ಅಜ್ಜಿಯ ಕಥೆಯಲ್ಲಿ ತುಂಬಿದ ಕೆರೆ ನೀರುಗಂಟಿಯನ್ನು ಕರೆದು, ಒಂದು ಬಿಂದಿಗೆ ಕೊಟ್ಟಿದ್ದೆಯಲ್ಲ, ತಗೋ ಒಂದು ಬಿಂದಿಗೆ, ಲೆಕ್ಕ ಸರಿಹೋಯಿತು ಎನ್ನುತ್ತದಂತೆ. ಅಷ್ಟೇ. ಅದಕ್ಕಿಂತ ಒಂದು ತಂಬಿಗೆಯೂ ಹೆಚ್ಚಿಲ್ಲ.

ಬಂಗಾರದ ಬೆಳೆ ನಾನು ಬೆಳೆಸಿದ್ದಲ್ಲ ಎಂದು ನನ್ನ ನೆನಪು. ಕನ್ನಡ ಮೇಷ್ಟ್ರು ತಿದ್ದಿದ್ದು. ನಿನ್ನೆ ಸಂಜೆ ಅವರನ್ನು ಕೇಳಿದೆ. ‘ನಾನಾ? ನೆನಪಿಲ್ಲವಲ್ಲಪ್ಪ. ತಿದ್ದಿದ್ದರೆ ಒಳ್ಳೆಯದಕ್ಕೇ ತಿದ್ದಿರುತ್ತೇನೆ’ ಅಂದರು. ಒಂದು ವೇಳೆ ನಾನೇ ಬದಲಾಯಿಸಿ ಈಗ ಮೇಷ್ಟ್ರ ಮೇಲೆ ಹಾಕುತ್ತಿದ್ದೇನೋ ಏನೋ. ನೋಟುಬುಕ್ಕು ಎಂದೋ ರದ್ದಿಗೆ ಹೋಗಿದೆ.

ಆದ್ದರಿಂದ ಸಮಿತಿಯವರಿಗೆ ಬರೆದುಕೊಟ್ಟಿದ್ದೇನೆ. ಕಥೆಯ ಕೆಳಗೆ ನನ್ನ ಹೆಸರಿನ ಬದಲು ಹೀಗೆ ಹಾಕಲಿ: ಹೇಳಿದವರು ಅಜ್ಜಿ ಮತ್ತು ಮೊಮ್ಮಗ, ಅವರಿಬ್ಬರ ಹೆಸರಿನ ಸಮೇತ. ಹೆಸರು ಹಾಕಲು ಅವನು ಒಪ್ಪಿದ್ದಾನೆ, ಅಜ್ಜಿಯದು ಮೊದಲು ಬರಬೇಕು ಎಂದು ಮಾತ್ರ ಹೇಳಿದ. ಬರೆದುಕೊಂಡವನು ನಾನು. ಕೊನೆಯನ್ನು ಬದಲಾಯಿಸಿದವರು ತಿಳಿಯದು. ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ ಎಂದರು. ಎರಡು ಸಾಲು ಕೊಡಿ ಎಂದು ಕೇಳಿಕೊಂಡಿದ್ದೇನೆ.

ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಒಂದು ತಿಂಗಳಿದೆಯಂತೆ. ಇಲ್ಲಿ ವಯಸ್ಸಾದವರು ಬಹಳ ಜನ ಇದ್ದೀರಿ. ಸಾಲ ಕೇಳಿದ ಕೆರೆಯ ಕಥೆಯನ್ನು ನಿಮ್ಮಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಕೇಳಿದ್ದರೆ, ಕೊನೆಗೆ ಕೆರೆ ಏನು ಕೊಟ್ಟಿತು ಎಂಬುದನ್ನು ದಯವಿಟ್ಟು ಸಮಿತಿಯವರಿಗೆ ತಿಳಿಸಿ. ಊಟಕ್ಕೆ ತಡವಾಯಿತು.